ಹೊಲಕ್ಕೆ ಬಂದ ನೆಂಟರು

ಬೆಂಗಳೂರಿನ ಲಾಲ್‌ಬಾಗ್‌ಗೂ ಶಿರಾಕ್ಕೂ ನಂಟು ಉಂಟು ಎಂದರೆ ಲಾಲ್‌ಬಾಗ್‌ನಲ್ಲಿ ದಿನಾ ಬೆಳಿಗ್ಗೆ ನಡೆದಾಡುವವರೂ ಒಮ್ಮೆ ತಿರುಗಿ ನೋಡುತ್ತಾರೆ. 1687ರಿಂದ 1757ರವರೆಗೆ ಶಿರಾ ಮೊಗಲರ ಸುಬಾದ ರಾಜಧಾನಿ. ಆ ಕಾಲದಲ್ಲಿ ಅಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. 1760ರ ಹೊತ್ತಿಗೆ ಹೈದರಾಲಿ ಬೆಂಗಳೂರಿನಲ್ಲಿ ತೋಟ ಹಾಕಿಸಲು ಹೊರಟಾಗ ಅವನ ಮನಸ್ಸಿನಲ್ಲಿದ್ದದ್ದು ಶಿರಾದ ಈ ತೋಟವೇ ಇರಬೇಕು ಎಂಬುದು ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಕಾಲದಿಂದ ನಡೆದುಬಂದ ಮಾತು. ಈಗ ಶಿರಾದಲ್ಲಿ ನೋಡಲು ಸಿಗುವುದು ಕೋಟೆ, ಜುಮ್ಮಾ ಮಸೀದಿ, ಮಲಿಕ್ ರಿಹಾನ್ ಗೋರಿ. ತೋಟದ ಹುಚ್ಚು ಮಾತ್ರ ಈಗ ಉಲ್ಟಾ ದಿಕ್ಕಿನಲ್ಲಿ ಹರಿಯುತ್ತಿದೆ. ಲಾಲ್‌ಬಾಗ್ ಸುತ್ತಿ ಸಾಕಾದ ಜನ ಭಾನುವಾರ ಬೆಳಕು ಹರಿಯುವ ಮುಂಚೆಯೇ ಕಾರು ಹತ್ತಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆಗೆ ಹೊರಟಿರುತ್ತಾರೆ.

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಪ್ರವಾಸಿಗರು ಹೊಸಬರಲ್ಲ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಮಂಗಳವಾರ, ಶುಕ್ರವಾರ ಬರುವ ಭಕ್ತರು, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ಹಿಡಿದು ಶನಿವಾರ ಬರುವವರು, ಸಿದ್ಧರಬೆಟ್ಟ ಹತ್ತುವ ಕಾಲೇಜು ಹುಡುಗರು, 3,930 ಅಡಿ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಕೈಕಂಬಿ ಹಿಡಿದು ಏರುವ ಚಾರಣಿಗರು ಎಲ್ಲರೂ ಹಿಂದಿನಿಂದ ಇದ್ದವರೇ. ಅವರು ದೇವರನ್ನೋ ಬೆಟ್ಟವನ್ನೋ ನೋಡಲು ಬರುತ್ತಿದ್ದರು. ದಾರಿಯ ಎರಡೂ ಬದಿಯ ಕಡಲೆಕಾಯಿ ಹೊಲ, ಅಡಿಕೆ ತೋಟ, ಹುಣಸೆ ಸಾಲು ಅವರಿಗೆ ಬಸ್ಸಿನ ಕಿಟಕಿಯಾಚೆಯ ನೋಟವಷ್ಟೆ. ಈಗ ಬರುವವರಲ್ಲಿ ಒಂದು ಪಾಲು ಜನ ನೋಡಬೇಕೆಂದು ಬರುವುದೇ ಆ ಹೊಲವನ್ನು. ಹೊಲದಲ್ಲಿ ಒಂದು ಹಗಲು ಕಳೆಯುವುದಕ್ಕೆ ದುಡ್ಡು ಕೊಡುತ್ತಾರೆ. ಕೆಲವರು ಅಲ್ಲೇ ಮಗಳ ಮದುವೆಯನ್ನೂ ಮಾಡಿ ಮುಗಿಸುತ್ತಾರೆ.

ಇದು ಇದ್ದಕ್ಕಿದ್ದಂತೆ ಬಂದದ್ದಲ್ಲ. ಮಹಾರಾಷ್ಟ್ರದ ಬಾರಾಮತಿ ಕಡೆ 2005ರ ಆಸುಪಾಸಿನಲ್ಲಿಯೇ ಪಾಂಡುರಂಗ ತಾವರೆ ಅವರು ಕೃಷಿ ಪ್ರವಾಸವನ್ನು ಒಂದು ಕಸುಬಾಗಿ ಕಟ್ಟತೊಡಗಿದ್ದರು. ಕರ್ನಾಟಕ ಸರ್ಕಾರದ 2020ರ ಪ್ರವಾಸೋದ್ಯಮ ನೀತಿಯೂ ಕೃಷಿ ಪ್ರವಾಸವನ್ನು ಪಟ್ಟಿಗೆ ಸೇರಿಸಿತು. ಆದರೆ ನಮ್ಮಲ್ಲಿ ನೀತಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ ವರ್ಷದ ಇನ್ನೊಂದು ತೀರ್ಮಾನ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಅಲ್ಲಿಯವರೆಗೆ ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯವಿದ್ದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಆ ಬೇಲಿ ಬಿದ್ದ ಮೇಲೆ ಬೆಂಗಳೂರಿನಿಂದ ಎರಡು ಗಂಟೆ ದಾರಿಯಲ್ಲಿರುವ ಕೊರಟಗೆರೆ, ಮಧುಗಿರಿ ಸೀಮೆಗೆ ಜಮೀನು ಹುಡುಕಿಕೊಂಡು ಬರುವ ಕಾರುಗಳು ಹೆಚ್ಚಾದವು. ಎರಡು ಎಕರೆ, ಒಂದು ಬೋರ್‌ವೆಲ್, ಸುತ್ತ ತಂತಿ ಬೇಲಿ, ಮೂಲೆಯಲ್ಲೊಂದು ಹೆಂಚಿನ ಮನೆ. ವಾರಕ್ಕೊಮ್ಮೆ ಬರುವ ಯಜಮಾನರಿಗೆ ಉಳಿದ ಆರು ದಿನ ಆ ಮನೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ, ಉತ್ತರವಾಗಿ ಬಂದವರು ಅತಿಥಿಗಳು.

ಜಮೀನು ಕೊಳ್ಳುವುದು ಸಲೀಸಾಯಿತು. ಬಳಕೆಯ ಕಾನೂನು ಹಾಗೆಯೇ ಉಳಿದಿದೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಭೂ ಪರಿವರ್ತನೆ ಬೇಕು. ಹೊಲದಲ್ಲಿ ರೈತ ತನ್ನ ಮನೆ ಕಟ್ಟಿಕೊಳ್ಳುವುದು ಬೇರೆ, ಕಲ್ಯಾಣ ಮಂಟಪ ಕಟ್ಟಿ ಬಾಡಿಗೆಗೆ ಬಿಡುವುದು ಬೇರೆ. ಮದುವೆಗೆ ತೋಟ ಗೊತ್ತು ಮಾಡುವವರು ಹೂವಿನ ಅಲಂಕಾರದ ಫೋಟೊ ನೋಡುವ ಮೊದಲು ಈ ಕಾಗದ ಪತ್ರ ಕೇಳುವುದು ಒಳ್ಳೆಯದು. ಮುಹೂರ್ತದ ಹಿಂದಿನ ದಿನ ತಹಶೀಲ್ದಾರರ ನೋಟಿಸು ಬಂದರೆ ಪುರೋಹಿತರು ಏನೂ ಮಾಡಲಾರರು.

ದಿನದ ಪ್ರವಾಸ ಎಂದು ಇಂಥ ಕಡೆಗಳಲ್ಲಿ ಸಿಗುವುದು ಹೆಚ್ಚು ಕಡಿಮೆ ಒಂದೇ ಅಚ್ಚಿನದು. ಬೆಳಿಗ್ಗೆ ಬಂದ ಕೂಡಲೇ ಎಳನೀರು, ತಟ್ಟೆ ಇಡ್ಲಿ. ಆಮೇಲೆ ಎತ್ತಿನ ಗಾಡಿಯಲ್ಲಿ ಒಂದು ಸುತ್ತು. ಮಕ್ಕಳಿಗೆ ಕರುವಿಗೆ ಹುಲ್ಲು ತಿನ್ನಿಸುವ ಸಂಭ್ರಮ, ಲಗೋರಿ, ಚಿನ್ನಿದಾಂಡು, ಕೆಸರಿನಲ್ಲಿ ಹಗ್ಗಜಗ್ಗಾಟ. ಪಂಪ್‌ಸೆಟ್ ನೀರು ಧುಮ್ಮಿಕ್ಕುವ ತೊಟ್ಟಿಯಲ್ಲಿ ಈಜು. ಮಧ್ಯಾಹ್ನ ಎಲೆ ಊಟ, ಹುಣಸೆ ಮರದಡಿ ಹಗ್ಗದ ಮಂಚದ ಮೇಲೆ ಅರೆ ನಿದ್ದೆ, ಸಂಜೆ ಕಾಫಿ ಜೊತೆ ಬೋಂಡ, ಐದೂವರೆಗೆ ಹೊರಡು. ಕೆಲವು ಕಡೆ ಇದಕ್ಕೆ ಮಳೆ ನೃತ್ಯವೂ ಸೇರುತ್ತದೆ. ಮಳೆಗಾಗಿ ಊರ ಹುಡುಗರು ಮಳೆರಾಯನನ್ನು ಹೊತ್ತು ಮನೆ ಮನೆಗೆ ಹೋಗುವ ಸೀಮೆಯಲ್ಲಿ ಬೋರ್‌ವೆಲ್ ನೀರನ್ನು ತೂತಿನ ಕೊಳವೆಯಿಂದ ಸುರಿಸಿ ಸಿನಿಮಾ ಹಾಡಿಗೆ ಕುಣಿಯುವುದು ಸ್ವಲ್ಪ ದೊಡ್ಡ ಗುಂಡಿಗೆಯವರ ಕೆಲಸ ಎನ್ನಬೇಕು.

ಈ ಸೀಮೆಯ ಎಲ್ಲ ಲೆಕ್ಕವೂ ಕೊನೆಗೆ ಬಂದು ನಿಲ್ಲುವುದು ನೀರಿನ ಮೇಲೆಯೇ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರದ ಕಡೆ ಸಾಗಿ ಉತ್ತರ ಪಿನಾಕಿನಿಗೆ ಸೇರುತ್ತದೆ. ವರ್ಷದ ಬಹುಪಾಲು ಅದು ಮರಳ ಹಾಸು. ಶಿರಾ, ಕಳ್ಳಂಬೆಳ್ಳ ಕೆರೆಗಳ ಪಾಲಿಗೆ ಹೇಮಾವತಿ ನಾಲೆ ಬರುತ್ತದೆ. ಎಷ್ಟು ಬರುತ್ತದೆ ಎಂಬುದರ ಮೇಲೆ ಚುನಾವಣೆಗಳೇ ನಡೆದಿವೆ. ಬಹುತೇಕ ಆಂಧ್ರದಿಂದ ಸುತ್ತುವರಿದ ಪಾವಗಡದಲ್ಲಿ ಕೊರೆದ ಬಾವಿಯಲ್ಲಿ ನೀರು ಸಿಕ್ಕರೂ ಫ್ಲೋರೈಡ್ ಕಾಟ. ಇಂಥ ಕಡೆ ಸಾವಿರ ಜನರ ಮದುವೆ ಎಂದರೆ, ತಲೆಗೆ ಬರೀ ಹತ್ತು ಲೀಟರ್ ಎಂದಿಟ್ಟುಕೊಂಡರೂ ಹತ್ತು ಸಾವಿರ ಲೀಟರ್ ಆಯಿತು. ಅಡುಗೆ, ಪಾತ್ರೆ, ಕೈತೊಳೆಯುವುದು, ಶೌಚಾಲಯ ಎಲ್ಲ ಸೇರಿದರೆ ಹತ್ತು ಲೀಟರ್‌ಗೆ ಯಾರೂ ನಿಲ್ಲುವುದಿಲ್ಲ. ಟ್ರ್ಯಾಕ್ಟರ್ ಟ್ಯಾಂಕರುಗಳು ಸಾಲಾಗಿ ಬರಬೇಕು. ಆ ಟ್ಯಾಂಕರ್ ತುಂಬುವುದು ಪಕ್ಕದ ಯಾರದ್ದೋ ಬೋರ್‌ವೆಲ್‌ನಿಂದ.

ಹೊಲದಲ್ಲಿ ಮದುವೆ ಎಂಬುದೇನೋ ಈ ಸೀಮೆಯವರಿಗೆ ಹೊಸ ಸುದ್ದಿಯಲ್ಲ. ಕಲ್ಯಾಣ ಮಂಟಪಗಳು ಹೋಬಳಿ ಮಟ್ಟಕ್ಕೆ ಬರುವ ಮುಂಚೆ ಮದುವೆ ನಡೆಯುತ್ತಿದ್ದದ್ದು ಮನೆಯ ಮುಂದೆ, ಮನೆ ಮುಂದೆ ಜಾಗ ಸಾಲದಿದ್ದರೆ ಕಣದಲ್ಲಿ. ಕುಯ್ಲು ಮುಗಿದು ಒಕ್ಕಣೆಯಾದ ಕಣ ಸಗಣಿ ಸಾರಿಸಿ ಗಟ್ಟಿಯಾಗಿರುತ್ತಿತ್ತು. ಅದಕ್ಕಿಂತ ಸಮತಟ್ಟಾದ ನೆಲ ಊರಲ್ಲಿ ಬೇರೆ ಇರಲಿಲ್ಲ. ಚಪ್ಪರಕ್ಕೆ ತೆಂಗಿನ ಗರಿ, ನೇರಳೆ ಸೊಪ್ಪು. ಸೋದರಮಾವ ತಂದು ನೆಡುವ ಹಾಲುಗಂಬ. ಕುಂಬಾರರ ಮನೆಯಿಂದ ವಾಲಗದೊಂದಿಗೆ ಹೊತ್ತು ತರುವ ಐರಾಣಿ ಮಡಕೆಗಳು. ಊರವರು ಮನೆಗಿಷ್ಟು ಎಂದು ಹಾಲು, ಮೊಸರು, ಸೌದೆ, ಸೊಪ್ಪು ತಂದು ಹಾಕುತ್ತಿದ್ದರು. ಮುಯ್ಯಿ ಪುಸ್ತಕದಲ್ಲಿ ಬರೆದುಕೊಂಡು ಅವರ ಮನೆಯ ಮದುವೆಗೆ ಅಷ್ಟನ್ನೂ ತಿರುಗಿ ಸಲ್ಲಿಸಬೇಕಿತ್ತು. ಆಗಲೂ ಖರ್ಚು ಇತ್ತು, ಸಾಲವೂ ಇತ್ತು, ಆ ಕಾಲವನ್ನು ಹೊಗಳಿ ಪ್ರಯೋಜನವಿಲ್ಲ. ಸಾಲ ಮಾತ್ರ ಊರೊಳಗೇ ಸುತ್ತುತ್ತಿತ್ತು.

ಹಲವು ಒಕ್ಕಲು ಮನೆತನಗಳ ಮದುವೆಯಲ್ಲಿ ಈಗಲೂ ಒಂದು ಶಾಸ್ತ್ರ ಉಳಿದಿದೆ. ಧಾರೆ ಮುಗಿದ ಮೇಲೆ, ನಾಗವಲಿಯ ಹೊತ್ತಿಗೆ, ಮದುಮಗ ನೇಗಿಲು ಹಿಡಿದು ಉತ್ತಂತೆ ಮಾಡಿ ಕಾಳು ಬಿತ್ತಬೇಕು. ಮದುಮಗಳು ಅವನಿಗೆ ಬುತ್ತಿ ತರಬೇಕು. ಬೆಂಗಳೂರಿನ ಕಲ್ಯಾಣ ಮಂಟಪದಲ್ಲಿ ಇದು ನಡೆಯುವುದನ್ನು ನೋಡಬೇಕು. ಗ್ರಾನೈಟ್ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಎರಡು ಬೊಗಸೆ ಮಣ್ಣು ಸುರಿದು, ಆಟಿಕೆಯಷ್ಟು ಚಿಕ್ಕ ನೇಗಿಲನ್ನು ಸಾಫ್ಟ್‌ವೇರ್ ಎಂಜಿನಿಯರ್ ವರ ಎರಡು ಬೆರಳಲ್ಲಿ ಎಳೆಯುತ್ತಾನೆ. ಮಣ್ಣು ಚೆಲ್ಲಬಾರದು, ಚೆಲ್ಲಿದರೆ ಮಂಟಪದವರು ಶುಚಿತ್ವದ ಶುಲ್ಕ ಹಾಕುತ್ತಾರೆ. ಹೆಂಗಸರು ನಗುತ್ತಾರೆ, ವಿಡಿಯೊದವನು ಇನ್ನೊಮ್ಮೆ ಎಳೆಯಲು ಹೇಳುತ್ತಾನೆ. ಇದೇ ಶಾಸ್ತ್ರ ಹೊಲದ ಮದುವೆಯಲ್ಲಿ ನಿಜವಾದ ಮಣ್ಣಿನಲ್ಲಿ ಆಗುತ್ತದೆ. ನೇಗಿಲ ಗುಳ ಒಂದು ಗೇಣಾದರೂ ಒಳಗಿಳಿಯುತ್ತದೆ. ವರನಿಗೆ ನೇಗಿಲು ಎಷ್ಟು ಭಾರ ಎಂದು ಗೊತ್ತಾಗುತ್ತದೆ, ಹೆಣ್ಣಿನ ಕಡೆಯ ಅಜ್ಜ ಬಂದು ಮೇಣಿ ಹಿಡಿಯುವ ಬಗೆ ತೋರಿಸಿಕೊಡುತ್ತಾರೆ. ತೋಟದ ಮದುವೆಗೆ ಯಾರಾದರೂ ಕಾರಣ ಕೇಳಿದರೆ, ಕಮಾನಿನ ಹೂವಿಗಿಂತ, ಡ್ರೋನ್ ಫೋಟೊಗಿಂತ ಈ ಐದು ನಿಮಿಷ ಸಾಕು.

ಬೆಂಗಳೂರಿನಿಂದ ಬರುವ ಮದುವೆಗಳಲ್ಲಿ ಎರಡು ಬಗೆ. ಒಂದು, ಮಂಟಪದ ಮದುವೆಯನ್ನೇ ಹೊಲಕ್ಕೆ ತಂದಿಳಿಸುವುದು: ಲೈಟಿಂಗ್, ಡಿಜೆ, ಜನರೇಟರ್, ಚಾಟ್ಸ್ ಕೌಂಟರ್, ಸಾವಿರದೈನೂರು ಜನ. ಇನ್ನೊಂದು, ಮದುವೆಯನ್ನೇ ಚಿಕ್ಕದು ಮಾಡಿಕೊಂಡು ಬರುವುದು. ಎರಡನೆಯದಕ್ಕೆ ಕನ್ನಡದಲ್ಲಿ ಒಂದು ಹಳೆಯ ಧೈರ್ಯ ಇದೆ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನಡೆಸಿದರು. ಮುಂದೆ ರೈತ ಸಂಘದ ಚಳವಳಿಯ ಕಾಲದಲ್ಲಿ ಹಸಿರು ಶಾಲು ಹೊದ್ದ ಎಷ್ಟೋ ಜೋಡಿಗಳು ಆಡಂಬರ ಬಿಟ್ಟು ಮದುವೆಯಾದರು. ಇವತ್ತು ನೂರು ಜನರನ್ನು ಕರೆದು ಹುಣಸೆ ತೋಪಿನಲ್ಲಿ ಮದುವೆಯಾಗುವ ಹುಡುಗ ಹುಡುಗಿಗೆ ಆ ಇತಿಹಾಸ ಗೊತ್ತಿರಲಿಕ್ಕಿಲ್ಲ. ಅವರಿಗೆ ಅದು ಫ್ಯಾಷನ್ ಇರಬಹುದು. ಫ್ಯಾಷನ್ನಿನಿಂದಲಾದರೂ ನೀರು ಉಳಿದರೆ ಬೇಡ ಎನ್ನುವವರು ಯಾರು?

ಸಂಗೀತದ ವಿಷಯದಲ್ಲಿ ಒಂದು ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ ಎಂಬ 2000ದ ಶಬ್ದ ಮಾಲಿನ್ಯ ನಿಯಮ ಹೊಲಕ್ಕೂ ಅನ್ವಯಿಸುತ್ತದೆ. ಊರು ದೂರ ಇದೆ ಎಂದುಕೊಂಡು ಹಾಕುವ ಸದ್ದು ಬಯಲಿನಲ್ಲಿ ಮೂರು ಊರಿಗೆ ಕೇಳುತ್ತದೆ. ಅದರ ಬದಲು ಈ ಸೀಮೆಯದೇ ವಾದ್ಯ ಇದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ, ದನ ಕಾಯ್ದ ದೇವರು. ಅವನ ಕಥೆಯನ್ನು ಹಾಡುವಾಗ ಊದುವ ಉದ್ದನೆಯ ಬಿದಿರಿನ ಕೊಳಲು ಗಣೆ. ಕಾಡುಗೊಲ್ಲರ ನಂಬಿಕೆ, ಆಚರಣೆಗಳ ಮೇಲೆ ತೀ.ನಂ. ಶಂಕರನಾರಾಯಣ ಅವರು ಮಾಡಿರುವ ಕೆಲಸ ದೊಡ್ಡದು. ಗಣೆಯನ್ನು ಮದುವೆ ಮನೆಯ ಮನರಂಜನೆಗೆ ಕರೆಸಬೇಕೇ ಬೇಡವೇ ಎಂಬುದು ಊದುವವರು ಹೇಳಬೇಕಾದ ಮಾತು, ಅದು ಅವರ ದೇವರ ವಾದ್ಯ. ಸೋಬಾನೆ ಹಾಡುವ ಹೆಂಗಸರು ಮಾತ್ರ ಇನ್ನೂ ಪ್ರತಿ ಊರಿನಲ್ಲೂ ಇದ್ದಾರೆ. ಒಂದು ಮೈಕೂ ಬೇಡ ಅವರಿಗೆ.

ಕೃಷಿ ಪ್ರವಾಸ ಎಂದರೆ ಬೇಲಿ ಹಾಕಿ ಟಿಕೆಟ್ ಇಟ್ಟ ಜಾಗ ಒಂದೇ ಎಂದು ತಿಳಿದವರು ಶಿರಾದಿಂದ ಸುಮಾರು 9 ಕಿ.ಮೀ. ದೂರದ ಕಗ್ಗಲಡುವಿಗೆ ಒಮ್ಮೆ ಹೋಗಬೇಕು. ಅಲ್ಲಿ ಊರೇ ಆತಿಥೇಯ, ಅತಿಥಿಗಳು ಹಕ್ಕಿಗಳು. 1990ರ ದಶಕದಲ್ಲಿ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟತೊಡಗಿದವು. 1999ರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಪಕ್ಷಿಪ್ರಿಯರು ಇದನ್ನು ಹೊರಜಗತ್ತಿಗೆ ತಿಳಿಸಿದರು. ಬಣ್ಣದ ಕೊಕ್ಕರೆಗಳ ಲೆಕ್ಕದಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ನಂತರ ರಾಜ್ಯದಲ್ಲಿ ಈ ಊರನ್ನೇ ಹೆಸರಿಸುತ್ತಾರೆ. ಜೊತೆಗೆ ಬೂದು ಬಕಗಳೂ ಇಲ್ಲಿ ಮರಿ ಮಾಡುತ್ತವೆ.

ಫೆಬ್ರುವರಿಯ ಹೊತ್ತಿಗೆ ಬರುವ ಹಕ್ಕಿಗಳು ಮರಿಗಳನ್ನು ಹಾರಿಸಿಕೊಂಡು ಹೋಗುವಾಗ ಮಳೆಗಾಲ ನಡುವಿಗೆ ಬಂದಿರುತ್ತದೆ. ಮರದ ಕೆಳಗೆ ನಿಂತು ತಲೆಯೆತ್ತಿದರೆ ಮೊದಲು ಕಾಣುವುದು ಹಕ್ಕಿಯಲ್ಲ, ಸುಣ್ಣ ಬಳಿದಂತಾದ ಎಲೆ, ಕೊಂಬೆ. ಆಮೇಲೆ ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಬಳಿ ಯಾರೋ ಗುಲಾಬಿ ಬಣ್ಣ ಎರಚಿದಂಥ ಗರಿ. ಒಂದೊಂದು ಕೊಂಬೆಗೆ ಕಡ್ಡಿ ಅಟ್ಟದಂಥ ಗೂಡುಗಳು. ಏಪ್ರಿಲ್ ಬಿಸಿಲಿನಲ್ಲಿ ತಾಯಿಯೋ ತಂದೆಯೋ ರೆಕ್ಕೆ ಅರ್ಧ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ಗಂಟೆಗಟ್ಟಲೆ ನಿಲ್ಲುತ್ತದೆ. ಇನ್ನೊಂದು ಕೆರೆಯಿಂದ ಮೀನು ನುಂಗಿ ಬಂದು ಗೂಡಿನಲ್ಲಿ ಕಕ್ಕುತ್ತದೆ, ಬಾಯಲ್ಲಿ ನೀರು ತಂದೂ ಕುಡಿಸುತ್ತದೆ. ಗಾಬರಿಯಾದರೆ ಮರಿಗಳು ನುಂಗಿದ್ದನ್ನೆಲ್ಲ ಹೊರಹಾಕುತ್ತವೆ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಿ ಫೋಟೊ ತೆಗೆಯುವವರಿಂದ ಮರಿಯ ಆ ಹೊತ್ತಿನ ಊಟ ಹೋಯಿತೆಂದೇ ಲೆಕ್ಕ. ವಾಸನೆಯೂ ಜೋರು. ಸುಗಂಧದ ಊರೇನಲ್ಲ ಅದು.

ಈ ವಾಸನೆ, ಈ ಗಲೀಜು, ಹಗಲು ರಾತ್ರಿ ಕೊಕ್ಕು ಕುಟ್ಟುವ ಸದ್ದು ಎಲ್ಲವನ್ನೂ ಊರವರು ಮನೆ ಬಾಗಿಲಲ್ಲಿ ತಾಳಿಕೊಂಡಿದ್ದಾರೆ. ಇನ್ನೂ ದೊಡ್ಡ ಮಾತು ಹುಣಸೆಯದು. ತುಮಕೂರು ಜಿಲ್ಲೆಗೆ ಹುಣಸೆ ಬರೀ ನೆರಳಲ್ಲ, ಬೆಳೆ. ಸಂಕ್ರಾಂತಿ ಕಳೆದ ಮೇಲೆ ಬೇಸಿಗೆಯವರೆಗೆ ಮರ ಹತ್ತಿ ಗಳುವಿನಿಂದ ಬಡಿದು, ಸಿಪ್ಪೆ ಬಿಡಿಸಿ, ಬೀಜ ತೆಗೆದು ಮಂಡಿಗೆ ಸಾಗಿಸುವ ಕೆಲಸ ನೂರಾರು ಮನೆಗಳ ಬೇಸಿಗೆ ಸಂಪಾದನೆ. ಹಕ್ಕಿಗಳು ಗೂಡಿಗೆ ಕಡ್ಡಿ ತರುವುದೂ ಅದೇ ಹೊತ್ತಿಗೆ. ಮರ ಬಡಿದರೆ ಗೂಡು ಉಳಿಯದು. ಹಕ್ಕಿ ಕೂತ ಮರದ ಫಸಲನ್ನು ಅಷ್ಟರಮಟ್ಟಿಗೆ ಕೈಬಿಡಬೇಕು. ಕಗ್ಗಲಡುವಿಗೆ ಹೋದವರು ಟಿಕೆಟ್ ಇಲ್ಲವಲ್ಲ ಎಂದು ಖುಷಿಪಡುತ್ತಾರೆ. ಟಿಕೆಟ್ಟಿನ ದುಡ್ಡನ್ನು ಆ ಹುಣಸೆ ಮರಗಳ ಒಡೆಯರು ಮೊದಲೇ ಕಟ್ಟಿಬಿಟ್ಟಿದ್ದಾರೆ. ಹೋದವರು ಊರಿನಲ್ಲೇ ಚಹಾ ಕುಡಿದು, ಊರಿನಲ್ಲೇ ಉಂಡು, ನಾಲ್ಕು ಕೆ.ಜಿ. ಹುಣಸೆಹಣ್ಣು ಕೊಂಡು ಬಂದರೆ ಅದು ದಾನವಲ್ಲ, ಬಾಕಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕಥೆ ಬೇರೆ ಬಗೆಯದು. ಆಂಧ್ರದ ಗಡಿಗೆ ಅಂಟಿಕೊಂಡ ಸುಮಾರು 798 ಎಕರೆ ಹುಲ್ಲುಗಾವಲು, ನಡುನಡುವೆ ನೀಲಗಿರಿ ನೆಡುತೋಪು. ರಾಣೆಬೆನ್ನೂರು ಬಿಟ್ಟರೆ ರಾಜ್ಯದಲ್ಲಿ ಕೃಷ್ಣಮೃಗ ಹೆಚ್ಚಾಗಿ ಕಾಣಸಿಗುವ ನೆಲ ಇದು. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಅಭಯಾರಣ್ಯದಷ್ಟು ಬಿಗಿಯಿಲ್ಲದ, ಸುತ್ತಲ ಜನರನ್ನೂ ಒಳಗೊಳ್ಳುವ ಈ ಬಗೆಯ ಮೀಸಲು, 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಬೆಳಿಗ್ಗೆ ಏಳರೊಳಗೆ ಹೋದರೆ ತಿರುಚಿದ ಕೊಂಬಿನ ಕಪ್ಪು ಗಂಡು, ಅದರ ಹಿಂದೆ ಮುಂದೆ ತಿಳಿಗಂದು ಹೆಣ್ಣುಗಳ ಹಿಂಡು ಕಾಣುತ್ತದೆ. ಬೆದರಿದರೆ ಮೊದಲು ಒಂದು ನೆಗೆಯುತ್ತದೆ, ಹಿಂದೆಯೇ ಇಡೀ ಹಿಂಡು ನೆಗೆದು ಓಡುತ್ತದೆ. ಹುಲ್ಲಿನ ಮೇಲೆ ಜೀಪು ಓಡಿಸಿ ಆ ಓಟವನ್ನು ಬೇಕೆಂದೇ ಎಬ್ಬಿಸುವವರನ್ನು ಕಂಡರೆ ಅರಣ್ಯ ಸಿಬ್ಬಂದಿಗೂ ಊರವರಿಗೂ ಸಮಾನ ಸಿಟ್ಟು.

ಈ ಮೃಗಗಳಿಗೆ ಮೀಸಲಿನ ಗಡಿ ಗೊತ್ತಿಲ್ಲ. ರಾತ್ರಿ ಪಕ್ಕದ ಹೊಲಗಳಿಗೆ ಇಳಿದು ಕಡಲೆ ಗಿಡ, ರಾಗಿ ಪೈರು ಮೇಯುತ್ತವೆ. ತೋಟಕ್ಕೆ ದುಡ್ಡು ಕೊಟ್ಟು ಹೋದ ಅತಿಥಿ ನೋಡುವ ಸಾಕಿದ ಮೊಲ, ಬಾತುಕೋಳಿಗಿಂತ ಈ ಹೊಲಗಳ ಬದುವಿನ ಮೇಲೆ ನಿಂತರೆ ಬೇಸಾಯ ಎಂದರೇನು ಎಂಬುದು ಚೆನ್ನಾಗಿ ತಿಳಿಯುತ್ತದೆ. ಬಿತ್ತಿದವನಿಗೆ ಎಷ್ಟು, ಹಕ್ಕಿಗೆ ಎಷ್ಟು, ಜಿಂಕೆಗೆ ಎಷ್ಟು ಎಂಬ ಪಾಲು ಅಲ್ಲಿ ಕಣ್ಣೆದುರಿಗೇ ನಡೆಯುತ್ತಿರುತ್ತದೆ.

ಪಾವಗಡದಲ್ಲಿ ಅತಿಥಿಗಳಿಗೆ ಕಾಣುವುದು ಬೇಸಾಯವೇ ಎದ್ದುಹೋದ ಹೊಲ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ನಡುವೆ ಸುಮಾರು 13,000 ಎಕರೆಯಲ್ಲಿ ಹರಡಿರುವ ಶಕ್ತಿಸ್ಥಳ ಸೌರ ಪಾರ್ಕು 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ಇಲ್ಲಿ ಸರ್ಕಾರ ಜಮೀನನ್ನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ನಿಶ್ಚಿಂತೆಯ ಆದಾಯ. ಜಮೀನಿಲ್ಲದೆ ಕಳೆ ಕೀಳುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ರಸ್ತೆಯಲ್ಲಿ ನಿಂತು ನೋಡಿದರೆ ದಿಗಂತದವರೆಗೆ ನೀಲಿ ಫಲಕಗಳ ಸಾಲು. ಶನಿಮಹಾತ್ಮನ ದರ್ಶನ ಮುಗಿಸಿದ ಬಸ್ಸುಗಳು ಇಲ್ಲಿ ಹತ್ತು ನಿಮಿಷ ನಿಲ್ಲಿಸಿ ಫೋಟೊ ತೆಗೆಸಿ ಮುಂದೆ ಹೋಗುತ್ತವೆ. ಹೊಲವನ್ನು ಬಾಡಿಗೆಗೆ ಕೊಡುವುದರಲ್ಲಿ ಪಾವಗಡ ತೋಟದ ರೆಸಾರ್ಟುಗಳಿಗಿಂತ ಹಿರಿಯಣ್ಣ.

ಇಟಲಿಯವರು ಈ ವಿಷಯವನ್ನು ಬಹಳ ಹಿಂದೆಯೇ ಯೋಚಿಸಿದ್ದರು. 1985ರಲ್ಲಿ ಅಲ್ಲಿ ಕೃಷಿ ಪ್ರವಾಸಕ್ಕೆಂದೇ ಒಂದು ಕಾನೂನು ಬಂತು. ಅದರ ತಿರುಳು ಇಷ್ಟೆ: ಅತಿಥಿ ಸತ್ಕಾರ ಬೇಸಾಯಕ್ಕೆ ಪೂರಕವಾಗಿರಬೇಕು, ಬೇಸಾಯವೇ ಮುಖ್ಯ ಕಸುಬಾಗಿ ಉಳಿದಿರಬೇಕು. ದ್ರಾಕ್ಷಿ, ಆಲಿವ್ ಬೆಳೆಯದೆ ಬರೀ ಕೋಣೆ ಬಾಡಿಗೆಗೆ ಕೊಟ್ಟರೆ ಅದು ಹೋಟೆಲು. ಈ ಅಳತೆಗೋಲನ್ನು ನಮ್ಮ ನಾಲ್ಕು ತಾಲ್ಲೂಕಿಗೆ ಹಿಡಿದರೆ ಹಲವು ಫಲಕಗಳನ್ನು ಇಳಿಸಬೇಕಾದೀತು. ಮಾವು, ದಾಳಿಂಬೆ, ಅಡಿಕೆ ಇದ್ದೂ ಜೊತೆಗೆ ಅತಿಥಿಗಳನ್ನು ಕರೆಯುವವರು ಉಳಿದುಕೊಳ್ಳುತ್ತಾರೆ.

ಯಾವುದು ಹೊಲ, ಯಾವುದು ಹೋಟೆಲು ಎಂದು ತಿಳಿಯಲು ಸುಲಭದ ದಾರಿ ಊಟದ ಎಲೆ. ಈ ಸೀಮೆಯ ಊಟಕ್ಕೆ ಕಾಲವಿದೆ. ಅಕ್ಟೋಬರ್, ನವೆಂಬರಿನಲ್ಲಿ ಕಿತ್ತ ಕಡಲೆಕಾಯಿಯನ್ನು ಮಣ್ಣು ತೊಳೆದು ಉಪ್ಪು ಹಾಕಿ ಬೇಯಿಸಿ ಕೊಡಬೇಕು. ಡಿಸೆಂಬರ್, ಜನವರಿ ಸೊಗಡಿನ ಅವರೆ. ಮುದ್ದೆಗೆ ಹಿತಕಿದ ಬೇಳೆ ಸಾರು, ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು. ಹುಚ್ಚೆಳ್ಳು ಚಟ್ನಿ ವರ್ಷವಿಡೀ. ಬೇಸಿಗೆಗೆ ಹುರುಳಿ ಕಟ್ಟಿನ ಸಾರು, ಮಜ್ಜಿಗೆ. ಮದುವೆಯಾದರೆ ಮೊದಲ ದಿನ ಒಬ್ಬಟ್ಟು, ಮಾರನೆಯ ದಿನದ ಬೀಗರೂಟಕ್ಕೆ ಶಿರಾ ಸೀಮೆಯ ಕುರಿ. ಎಲೆಯ ತುದಿಗೆ ಗೋಬಿ ಮಂಚೂರಿ ಬಂತೆಂದರೆ ಅಡುಗೆ ಊರಿನಿಂದ ಬಂದಿಲ್ಲ, ಲಾರಿಯಿಂದ ಇಳಿದಿದೆ ಎಂದರ್ಥ. ಊರಿನ ಹೆಂಗಸರ ಸ್ವಸಹಾಯ ಸಂಘಕ್ಕೆ ಅಡುಗೆ ವಹಿಸಿದರೆ ಅತಿಥಿ ಕೊಟ್ಟ ದುಡ್ಡು ಬೇಲಿ ದಾಟಿ ಊರಿಗೆ ಹೋಗುತ್ತದೆ. ಭಟ್ಟರ ತಂಡ ಬೆಂಗಳೂರಿನಿಂದಲೇ ಬಂದರೆ ದುಡ್ಡು ಬಂದ ದಾರಿಯಲ್ಲೇ ವಾಪಸ್ಸು.

ಪಂಚಾಂಗ ಮತ್ತು ಹೊಲ, ಇವೆರಡರ ಜಗಳ ಇನ್ನೂ ಬಗೆಹರಿದಿಲ್ಲ. ಮದುವೆಯ ಮುಹೂರ್ತಗಳು ಹೆಚ್ಚಾಗಿ ಬೀಳುವುದು ಮಾಘದಿಂದ ಜ್ಯೇಷ್ಠದವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಛತ್ರ ಸಿಗುವುದಿಲ್ಲ, ತೋಟಕ್ಕೆ ಬೇಡಿಕೆ ಏರುತ್ತದೆ. ಅದೇ ಹೊತ್ತಿಗೆ ಬೋರ್‌ವೆಲ್ ತಳ ಕಂಡಿರುತ್ತದೆ, ಹೊಲ ಬರಿದಾಗಿ ಬಿರುಕು ಬಿಟ್ಟಿರುತ್ತದೆ, ಶಿರಾ ಕಡೆಯಾದರೆ ಗೂಡುಗಳಲ್ಲಿ ಮರಿಗಳಿರುತ್ತವೆ. ಅತಿಥಿಗಳು ಬರುವ ಕಾಲಕ್ಕೆ ಹೊಲದಲ್ಲಿ ತೋರಿಸಲು ಏನೂ ಇಲ್ಲ, ಕುಡಿಯಲು ಕೊಡುವುದೂ ಕಷ್ಟ. ಜುಲೈನಲ್ಲಿ ಬಿತ್ತನೆ ಮುಗಿದು ಇಡೀ ಸೀಮೆ ಹಸಿರಾಗುವಾಗ ಆಷಾಢ, ಮದುವೆ ಇಲ್ಲ.

ಇದಕ್ಕೆ ಒಂದು ಸಂದಿ ಪಂಚಾಂಗದಲ್ಲೇ ಇದೆ. ಉತ್ಥಾನ ದ್ವಾದಶಿಯ ತುಳಸಿ ಹಬ್ಬ ಕಳೆದ ಮೇಲೆ ಧನುರ್ಮಾಸ ಹುಟ್ಟುವವರೆಗೆ, ಅಂದರೆ ನವೆಂಬರ್ ನಡುವಿನಿಂದ ಡಿಸೆಂಬರ್ 15ರವರೆಗೆ ಒಂದು ತಿಂಗಳು ಮುಹೂರ್ತಗಳಿರುತ್ತವೆ. ಹಿಂಗಾರಿನ ಮಳೆ ಆಗಿದ್ದ ವರ್ಷ ಕೆರೆಗಳಲ್ಲಿ ನೀರಿರುತ್ತದೆ, ಕಡಲೆಕಾಯಿ ಕಿತ್ತು ಹೊಲ ಖಾಲಿಯಾಗಿರುತ್ತದೆ, ರಾಗಿ ತೆನೆ ಬಲಿತಿರುತ್ತದೆ, ಅವರೆ ಹೂ ಬಿಟ್ಟಿರುತ್ತದೆ. ಕೊಕ್ಕರೆಗಳು ಇನ್ನೂ ಬಂದಿರುವುದಿಲ್ಲ, ವಾಲಗಕ್ಕೂ ಅಡ್ಡಿಯಿಲ್ಲ. ರಾಗಿ ಕುಯ್ಲಿಗೆ ಆಳು ಬೇಕಾದ ಹೊತ್ತು ಅದು, ಆದ್ದರಿಂದ ಬಡಿಸುವವರು ಊರಲ್ಲಿ ಸಿಗುವುದು ಸ್ವಲ್ಪ ಕಷ್ಟ. ಎರಡು ತಿಂಗಳು ಮೊದಲೇ ಮಾತಾಡಿಕೊಳ್ಳಬೇಕು. ದಿನದ ಪ್ರವಾಸದವರಿಗೂ ಇದೇ ಸರಿಯಾದ ಕಾಲ: ಬೆಳಿಗ್ಗೆ ಮೈದನಹಳ್ಳಿಯ ಹುಲ್ಲುಗಾವಲು, ಮಧ್ಯಾಹ್ನ ಮಧುಗಿರಿ ಕಡೆ ಯಾವುದಾದರೂ ಹೊಲದಲ್ಲಿ ಮುದ್ದೆ ಊಟ, ಸಂಜೆ ಗೊರವನಹಳ್ಳಿ ಹಾದು ತೀತಾ ಜಲಾಶಯದ ದಂಡೆ, ಅಲ್ಲಿಂದ ಕೊರಟಗೆರೆ, ದಾಬಸ್‌ಪೇಟೆ ಮಾರ್ಗವಾಗಿ ಬೆಂಗಳೂರು. ಕಗ್ಗಲಡುವನ್ನು ಇದಕ್ಕೆ ಸೇರಿಸಲು ಹೋಗಬೇಡಿ. ಅದಕ್ಕೆ ಮಾರ್ಚ್ ತಿಂಗಳಲ್ಲಿ ಬೇರೆಯೇ ಒಂದು ಭಾನುವಾರ ಇಟ್ಟುಕೊಳ್ಳಿ, ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ.